ಸರಪಳಿ ಬರೆಯುತ್ತಿದ್ದವಳು

ನಾಯಿಯ ತಲೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮೂತಿ ಮತ್ತು ಕೆಳದವಡೆಯ ಎರಡು ಕೋರೆಹಲ್ಲು ಒಳಗೆ ಬಂದಿದ್ದವು. ಕಿವಿಗಳೆರಡೂ ಚೌಕಟ್ಟಿಗೆ ತಗುಲಿ ಹೊರಗೇ ಉಳಿದಿದ್ದವು. ಹಿಂದಿನಿಂದ ಒಬ್ಬಳು, "ಸ್ವಲ್ಪ ಓರೆ ಮಾಡಿ ಸಾರ್, ಓರೆ ಮಾಡಿ," ಎಂದು ಅದರ ಬೆನ್ನು ತಳ್ಳುತ್ತಿದ್ದಳು.

ಸಭಾಂಗಣದ ಒಳಗೆ, ಹೂವಿನ ನಡುವೆ ಪೆಟ್ಟಿಗೆಯಲ್ಲಿ ಮಲಗಿದ್ದ ಹೆಂಗಸಿನ ತಂಗಿ ಎದ್ದು ಬಂದು ಆ ಮೂತಿಯ ಮೇಲೆ ಅಂಗೈ ಇಟ್ಟಳು. ಜೀವಮಾನವಿಡೀ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವಳು ಅವಳು. ಬಾಗಿಲಲ್ಲಿ ಯಾರನ್ನು ಹೇಗೆ ತಡೆಯಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇಳೀರಿ," ಅಂದಳು.

"ಅಮ್ಮಾ, ನಾವು ಸ್ಟುಡಿಯೋ ಕಡೆಯವರು. ನಾನು ಪ್ರಚಾರ ವಿಭಾಗ..."

"ಯಾವ ಕಡೆಯವರಾದ್ರೂ ಇರಿ. ಸಾವಿನ ಮನೆಗೆ ವೇಷ ಹಾಕ್ಕೊಂಡು ಬರ್ತಾರೇನಮ್ಮಾ? ಮಾನ ಮರ್ಯಾದೆ ಅಂತ ಏನಾದ್ರೂ ಇದೆಯಾ ನಿಮಗೆ?"

ಆ ನಾಯಿಯನ್ನು ಅರಿಯದ ಮಗು ಇಲ್ಲ. ಗುಡುಗ ಎಂದು ಅದರ ಹೆಸರು. ಕಾರ್ಟೂನಿನಲ್ಲಿ ಒಂದು ಕಾಂಪೌಂಡು ಗೋಡೆ ಕಂಡಿತೆಂದರೆ ಅದರ ಹಿಂದೆ ಇಂಥದೊಂದು ನಾಯಿ ಇರಲೇಬೇಕು: ಮುಳ್ಳಿನ ಕೊರಳಪಟ್ಟಿ, ತುಟಿ ದಾಟಿದ ಹಲ್ಲು, ಗೂಡಿನ ಮುಂದೆ ಒಂದು ಮೂಳೆ. ಕಳ್ಳ ಅಳಿಲು ಗೋಡೆ ಹಾರಿ ಬರುತ್ತದೆ. ಮಲಗಿದ್ದ ಗುಡುಗ ಬೊಗಳುತ್ತಾ ಎದ್ದು, ಎದ್ದೆನೋ ಬಿದ್ದೆನೋ ಎಂದು ಓಡುತ್ತಾನೆ. ಸರಪಳಿ ಬಿಗಿಯುತ್ತದೆ, ಕುತ್ತಿಗೆ ಹಿಂದಕ್ಕೆ ಜಗ್ಗುತ್ತದೆ, ಅವನು ಅಂಗಾತ ಬೀಳುತ್ತಾನೆ. ಅಳಿಲು ಅವನ ಮೂಗಿನಿಂದ ಒಂದೇ ಗೇಣು ದೂರದಲ್ಲಿ ಕೂತು ಕದ್ದದ್ದನ್ನು ತಿನ್ನುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಕದ್ದವನಿಗೆ ಊಟ, ಕಾಯುವವನಿಗೆ ಪೆಟ್ಟು. ಇದರಲ್ಲಿ ನಗುವಂಥದ್ದೇನಿದೆ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಹಾಗೆ ಕೇಳಿದ ಒಬ್ಬಳು ಈಗ ಪೆಟ್ಟಿಗೆಯಲ್ಲಿ ಮಲಗಿದ್ದಳು.

ಗುಡುಗನನ್ನು ಬರೆದವಳು ಅವಳಲ್ಲ. ಅವಳು ಬರೆದದ್ದು ಸರಪಳಿ. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಸರಪಳಿ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರು ಕೂಡ.

ನಾಯಿ ಎರಡು ಹೆಜ್ಜೆ ಹಿಂದೆ ಸರಿದು ತನ್ನ ತಲೆಯನ್ನು ತಾನೇ ಕಿತ್ತು ಕಂಕುಳಲ್ಲಿ ಇಟ್ಟುಕೊಂಡಿತು. ಒಳಗಿನಿಂದ ಬಂದದ್ದು ಬೆವರಿನಿಂದ ತೊಯ್ದ ನರೆಗೂದಲಿನ ಒಬ್ಬ ಮುದುಕ. ತಂಗಿ ಅವನನ್ನು ದಿಟ್ಟಿಸಿ ನೋಡಿದಳು.

"ಅಯ್ಯೋ, ಬೌಬೌ ಅಣ್ಣ! ನೀವಾ?"

"ನಾನೇ ಕಣಮ್ಮಾ," ಅಂದ ಮುದುಕ. ಗುಡುಗನ ಬೊಗಳು ಮೊದಲ ದಿನದಿಂದಲೂ ಅವನ ಗಂಟಲಿನದೇ. "ಒಂದು ಲೋಟ ನೀರು ಸಿಗುತ್ತಾ? ಇದರೊಳಗೆ ಒಲೆ ಹೊತ್ತಿಸಿದ ಹಾಗಿದೆ."

ಗಲಾಟೆ ಕೇಳಿ ಸತ್ತವಳ ಮಗಳು ಓಡಿ ಬಂದಳು. ಅತ್ತು ಕಣ್ಣು ಊದಿತ್ತು. ಬೆರಳ ತುದಿಯಲ್ಲಿ ನಿನ್ನೆಯ ಪೆನ್ಸಿಲಿನ ಕಪ್ಪು ಹಾಗೇ ಇತ್ತು.

"ಚಿಕ್ಕಮ್ಮ, ಬಿಡು. ನಾನೇ ಹೂಂ ಅಂದಿದ್ದೀನಿ. ಬೆಳಿಗ್ಗೆ ಫೋನ್ ಮಾಡಿದ್ರು. ಸ್ಟುಡಿಯೋ ಯಜಮಾನರು ಬಂದು ಎರಡು ಮಾತಾಡ್ತಾರೆ, ಗುಡುಗನ ಜೊತೆ ಒಂದು ಫೋಟೋ, ಅಷ್ಟೇ."

"ಅವನು ಮಾತಾಡ್ತಾನಾ? ನಿಮ್ಮಮ್ಮನ ತಲೆ ಹತ್ರ ನಿಂತ್ಕೊಂಡು?"

"ಮೆಲ್ಲಗೆ, ಚಿಕ್ಕಮ್ಮ."

"ಯಾಕೆ ಮೆಲ್ಲಗೆ? ಅವಳ ಕೈ, ಕಣ್ಣು, ಬೆನ್ನು, ಎಲ್ಲಾ ತಗೊಂಡ. ತಗೊಳ್ಲಿ. ಅವಳದ್ದು ಅಂತ ಉಳಿದಿರೋದು ಒಂದೇ ಒಂದು. ಅದನ್ನೂ ತನ್ನದು ಅಂತ ಇವತ್ತು ಇಲ್ಲಿ ಹೇಳ್ತಾನೆ, ಬೇಕಾದ್ರೆ ನೋಡ್ತಿರು."

ಮಗಳು ಬೆರಳಿನ ಕಪ್ಪನ್ನು ಉಜ್ಜಿಕೊಂಡಳು. ಅವಳು ಅದೇ ಸ್ಟುಡಿಯೋದಲ್ಲಿ, ಗುಡುಗನನ್ನೇ ಬರೆಯುವ ಮೇಜಿನಲ್ಲಿ ಕೂರುತ್ತಿದ್ದಳು. ಆ ಮೇಜು ಇನ್ನೂ ಖಾಯಂ ಆಗಿರಲಿಲ್ಲ. ಮುಂದಿನ ತಿಂಗಳು ಯಜಮಾನರು ರುಜು ಹಾಕಬೇಕಿತ್ತು. ಅಮ್ಮ ಜೀವನಪೂರ್ತಿ ಬಯಸಿದ್ದೂ ಆ ಮೇಜನ್ನೇ. ಸಾಯುವ ವಾರ ಕೂಡ ಮಗಳ ಕೈ ಹಿಡಿದು, "ಏನಾದ್ರೂ ಆಗಲಿ, ಮೇಜು ಮಾತ್ರ ಬಿಡಬೇಡ," ಅಂದಿದ್ದಳು.

"ಅಮ್ಮಾನೇ ಹೇಳಿದ್ದು," ಎಂದಳು ಕೊನೆಗೆ, ಚಿಕ್ಕಮ್ಮನ ಮುಖ ನೋಡದೆ.

ಪ್ರಚಾರದವಳು ಆ ಹೊತ್ತಿಗೆ ಬಾಗಿಲಿನ ಇನ್ನೊಂದು ರೆಕ್ಕೆಯ ಚಿಲಕ ತೆಗೆದಿದ್ದಳು.

* * *

ಸರಪಳಿ ಅಕ್ಕ ಕೆಲಸಕ್ಕೆ ಸೇರಿದ ಕಾಲದಲ್ಲಿ ಸ್ಟುಡಿಯೋದ ಬಣ್ಣದ ಕೋಣೆ ಮೊದಲ ಮಹಡಿಯಲ್ಲಿತ್ತು. ಧೂಳು ಬರಬಾರದೆಂದು ಕಿಟಕಿಗಳನ್ನು ತೆರೆಯುತ್ತಿರಲಿಲ್ಲ. ಅಲ್ಲಿ ಹೆಂಗಸರು ಸಾಲಾಗಿ ಕೂತು, ಬೆರಳ ತುದಿ ಕತ್ತರಿಸಿದ ಬಿಳಿ ಕೈಗವಸು ತೊಟ್ಟು, ಪಾರದರ್ಶಕ ಹಾಳೆಗಳ ಮೇಲೆ ಗೆರೆ ಎಳೆಯುತ್ತಿದ್ದರು. ಕೆಳಗೆ ಚಿತ್ರಗಾರ ಬರೆದ ಕಾಗದ, ಮೇಲೆ ಹಾಳೆ. ಮುಂಭಾಗದಲ್ಲಿ ಕಪ್ಪು ಗೆರೆ, ಮಗುಚಿ ಬೆನ್ನಿಗೆ ಬಣ್ಣ. ನಾಯಿಯ ಹಾಳೆ ಬೇರೆ, ಸರಪಳಿಯ ಹಾಳೆ ಬೇರೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಕ್ಯಾಮೆರಾದ ಕೆಳಗೆ ಹಿಡಿದರೆ ನಾಯಿ ಸರಪಳಿಯಲ್ಲಿ ಇರುತ್ತಿತ್ತು.

ಸರಪಳಿ ಯಾರಿಗೂ ಬೇಡದ ಕೆಲಸ. ಕೊಂಡಿಯಾದ ಮೇಲೆ ಕೊಂಡಿ, ಪ್ರತಿ ಕೊಂಡಿಗೂ ಹೊಳಪಿನ ಒಂದು ಬಿಳಿ ಚುಕ್ಕೆ. ಮುಂದಿನ ಹಾಳೆಯಲ್ಲಿ ಅವೇ ಕೊಂಡಿಗಳು ಕೂದಲೆಳೆಯಷ್ಟು ಸರಿದಿರಬೇಕು. ಹೊಸಬಳೆಂದು ಮೊದಲ ದಿನ ಅದನ್ನು ಅವಳಿಗೆ ಕೊಟ್ಟರು. ಚೆನ್ನಾಗಿ ಮಾಡಿದಳು, ಅದೇ ಅವಳು ಮಾಡಿದ ತಪ್ಪು. ಚೆನ್ನಾಗಿ ಮಾಡುವವರ ತಲೆಗೇ ಕೆಲಸ ಕಟ್ಟುವುದು ಎಲ್ಲ ಕಡೆಯೂ ಇರುವ ಪದ್ಧತಿ.

ಊಟದ ಹೊತ್ತಿಗೆ ಅವಳು ಕೆಳಗೆ ಗೇಟಿನ ಹತ್ತಿರ ಹೋಗುತ್ತಿದ್ದಳು. ಅಲ್ಲಿ ಒಂದು ನಿಜವಾದ ನಾಯಿ ಇತ್ತು. ಗುಡುಗ ಹುಟ್ಟಿದ್ದು ಅದನ್ನು ನೋಡಿಯೇ. ಆದರೆ ಅದಕ್ಕೆ ಗುಡುಗುವುದು ಹಾಗಿರಲಿ, ಸರಿಯಾಗಿ ಬೊಗಳುವುದಕ್ಕೂ ಬರುತ್ತಿರಲಿಲ್ಲ. ಯಾರು ಬಂದರೂ ಬಾಲ ಅಲ್ಲಾಡಿಸುವ ಪೆದ್ದು ಪ್ರಾಣಿ. ಚಿತ್ರಗಾರರಿಗೆ ಹಲ್ಲು ಕಾಣಬೇಕೆಂದು ಯಜಮಾನ ಛತ್ರಿಯ ಮೊನೆಯಿಂದ ಅದರ ಪಕ್ಕೆ ತಿವಿಯುತ್ತಿದ್ದ. ಅದು ನೋವಿಗೆ ಹಲ್ಲು ಬಿಟ್ಟಾಗ, "ಹಾಂ, ಇದೇ! ಬರ್ಕೊಳ್ಳಿ, ಬರ್ಕೊಳ್ಳಿ!" ಎಂದು ಕೂಗುತ್ತಿದ್ದ. ಅವರು ಬರೆದುಕೊಳ್ಳುತ್ತಿದ್ದರು. ಗುಡುಗನ ಆ ಭಯಂಕರ ಸಿಟ್ಟು ಇತ್ತಲ್ಲ, ಮಕ್ಕಳು ದಿಂಬಿನ ಹಿಂದೆ ಅಡಗುತ್ತಿದ್ದದ್ದು ಯಾವುದಕ್ಕೋ ಅದು, ಒಂದು ಸಾಧು ನಾಯಿಯ ನೋವು.

ಅವಳು ತನ್ನ ಬ್ರೆಡ್ಡಿನ ಅಂಚುಗಳನ್ನು ಅದಕ್ಕೆ ತಿನ್ನಿಸುತ್ತಿದ್ದಳು. ಮಗಳು ಈಗ ಬೌಬೌ ಮಾವ ಎನ್ನುವ ಆ ಮುದುಕನೂ ಆಗೆಲ್ಲ ಅಲ್ಲೇ ಕೂರುತ್ತಿದ್ದ. ಅವನು ಇನ್ನೂ ಹುಡುಗ, ಧ್ವನಿಯ ಕೋಣೆಗೆ ಹೊಸಬ.

"ನೀನು ಇದಕ್ಕಿಂತ ಚೆನ್ನಾಗಿ ಬೊಗಳ್ತೀಯ," ಎಂದು ಅವಳು ಅವನನ್ನು ಛೇಡಿಸುತ್ತಿದ್ದಳು.

"ಬೊಗಳೋ ನಾಯಿ ಕಚ್ಚಲ್ಲ ಕಣಕ್ಕಾ. ಅದಕ್ಕೇ ನನ್ನ ಇಟ್ಕೊಂಡಿರೋದು."

ಒಂದು ಬೇಸಿಗೆಯ ಬೆಳಿಗ್ಗೆ ಕೆಲಸಕ್ಕೆ ಬಂದವರಿಗೆ ಗೇಟಿನಲ್ಲಿ ನಾಯಿ ಸತ್ತು ಬಿದ್ದಿರುವುದು ಕಂಡಿತು. ರಜೆಯ ದಿನ ಸರಪಳಿ ಕಂಬಕ್ಕೆ ಸುತ್ತಿಕೊಂಡು ಮೋಟಾಗಿ, ನೀರಿನ ಬಟ್ಟಲು ಅದರ ಬಾಯಿಗೆ ಎಟುಕಿರಲಿಲ್ಲ. ಬಟ್ಟಲಲ್ಲಿ ನೀರು ಹಾಗೇ ಇತ್ತು. ಯಜಮಾನ ಕಾರಿನಿಂದ ಇಳಿದು ನೋಡಿ, "ಛೆ," ಅಂದ. ಆಮೇಲೆ, "ಸರಪಳಿ ಬಿಚ್ಚಿ ತೆಗೆದಿಡಿ. ಹೊಸ ನಾಯಿಗೆ ಬೇಕಾಗುತ್ತೆ," ಅಂದ.

ಬಿಚ್ಚಿದವಳು ಅವಳೇ. ಪಟ್ಟಿಯ ಕೆಳಗೆ ಕುತ್ತಿಗೆಯ ಸುತ್ತ ಕೂದಲೆಲ್ಲ ಸವೆದು ಬೋಳಾಗಿತ್ತು. ಅಲ್ಲಿ ಒಂದು ಸಲ ಕೈಯಾಡಿಸಿದಳು. ಮೇಲೆ ಹೋಗಿ ಕೈ ತೊಳೆದು, ಕೈಗವಸು ತೊಟ್ಟು, ಸಂಜೆಯವರೆಗೂ ಸರಪಳಿ ಬರೆದಳು. ಆ ದಿನ ಅವಳ ಮೇಜಿನ ಮೇಲಿದ್ದದ್ದು ಗುಡುಗನ ಓಟ. ನಾಲ್ಕೂ ಕಾಲು ನೆಲ ಬಿಟ್ಟು ಅವನು ಗಾಳಿಯಲ್ಲಿರುವ ಚಿತ್ರ ಬಂದಾಗ ಪೆನ್ನು ಕೆಳಗಿಟ್ಟಳು.

* * *

ಮಧ್ಯಾಹ್ನದ ಹೊತ್ತಿಗೆ ಕುರ್ಚಿಗಳು ತುಂಬಿದವು. ಬಣ್ಣದ ಕೋಣೆಯ ಹಳೆಯ ಹೆಂಗಸರು ಒಂದು ಕಡೆ ಗುಂಪಾಗಿ ಕೂತರು. ಎಲ್ಲರಿಗೂ ಕನ್ನಡಕ, ಎಲ್ಲರ ಬೆನ್ನೂ ಒಂದೇ ಬದಿಗೆ ಬಾಗಿತ್ತು.

"ಮುಖ ಎಷ್ಟು ಶಾಂತವಾಗಿದೆ ನೋಡ್ರೇ."

"ಇನ್ನೇನು, ಈಗಲಾದ್ರೂ ಸುಮ್ನೆ ಮಲಗೋಕೆ ಬಿಟ್ರಲ್ಲ."

"ಬಿಟ್ರಾ ಎಲ್ಲಿ? ನಾಯೀನ ತಲೆ ಹತ್ರಾನೇ ನಿಲ್ಲಿಸ್ತಾರಂತೆ."

ಬೌಬೌ ಮಾವ ಹಿಂದಿನ ಓಣಿಯಲ್ಲಿ, ಬಕೆಟ್ಟು ಪೊರಕೆಗಳ ನಡುವೆ ಕೂತು ನೀರು ಕುಡಿಯುತ್ತಿದ್ದ. ಮಗಳು ಅವನಿಗೆ ಟವೆಲ್ ತಂದುಕೊಟ್ಟಳು.

"ಮಾವ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಹಾಕ್ಕೊಂಡ್ರಿ?"

"ಮತ್ತಿನ್ನೇನು ಮಾಡ್ಲಿ ಪುಟ್ಟಾ? ನನ್ನ ಬೊಗಳೆಲ್ಲ ಅವರ ಮೆಷೀನಲ್ಲಿ ತುಂಬಿಟ್ಕೊಂಡಿದ್ದಾರೆ. ಗುಂಡಿ ಒತ್ತಿದ್ರೆ ನಾನು. ಇನ್ನು ನನ್ನ ಗಂಟಲು ಯಾರಿಗೆ ಬೇಕು? ಮೈ ಒಂದು ಬಾಕಿ ಇತ್ತು, ಅದನ್ನ ಇದರೊಳಗೆ ತುರುಕಿದ್ರು." ಅವನು ಕಂಕುಳ ತಲೆಯನ್ನು ತಟ್ಟಿದ. "ಇದಕ್ಕೊಂದು ನಿಯಮ ಬೇರೆ ಇದೆ. ಒಳಗಿಂದ ಉಸಿರು ಎತ್ತೋ ಹಾಗಿಲ್ಲ. ಕೆಮ್ಮಿದ್ರೂ ಕೆಲಸ ಹೋಗುತ್ತೆ. ಜನ ನಿಜವಾದ ಗುಡುಗ ಅಂತ ನಂಬಬೇಕಂತೆ."

ಮಗಳಿಗೆ ನಗು ಬಂತು, ಜೊತೆಗೇ ಅಳುವೂ ಬಂತು.

"ಮಾವ, ಗುಡುಗ ಗಾಳೀಲಿರೋ ಆ ಚಿತ್ರದಲ್ಲಿ ಅಮ್ಮ ಸರಪಳಿ ಬಿಟ್ಟದ್ದು ಮರೆತು ಅಲ್ಲ ಅಲ್ವಾ?"

"ಮರೆಯೋಳು ಖಾಲಿ ಹಾಳೆಗೆ ನಂಬರ್ ಹಾಕ್ತಾಳಾ?" ಅಂದ ಮುದುಕ. "ಮೇಲೊಂದು ಹಾಳೆ ಕಮ್ಮಿಯಾದ್ರೆ ಕೆಳಗಿನ ಬಣ್ಣ ಬೇರೆಯಾಗಿ ಕಾಣುತ್ತೆ, ಕ್ಯಾಮೆರಾದವನು ಹಿಡಿದುಬಿಡ್ತಾನೆ. ಅದಕ್ಕೇ ಒಂದು ಗೆರೇನೂ ಇಲ್ಲದ ಹಾಳೆ ತಗೊಂಡು, ಮೂಲೇಲಿ ಸರಪಳಿಯ ನಂಬರ್ ಬರೆದು, ಸರದೀಲಿ ಸೇರಿಸಿಟ್ಲು. ನಾನೇ ನೋಡಿದ್ದೀನಿ. 'ಇದೇನಕ್ಕಾ?' ಅಂದೆ. 'ಅವನು ಒಂದು ಚೂರು ಓಡ್ಲಿ ಬಿಡೋ,' ಅಂದ್ಲು."

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಮುದುಕ ತಲೆಯನ್ನು ಎತ್ತಿ ಹಾಕಿಕೊಂಡ.

* * *

ಆ ಚಿತ್ರ ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲುವುದಿಲ್ಲ. ಆದರೂ ಯಜಮಾನನ ಕಣ್ಣು ಸೂಜಿ. ಪ್ರದರ್ಶನದ ಕೋಣೆಯಲ್ಲಿ ಏನೋ ಮಿಣುಕಿತೆಂದು ರೀಲು ನಿಲ್ಲಿಸಿ, ಹಿಂದೆ ತಿರುಗಿಸಿ ನೋಡಿದ. ಸರಪಳಿಯಿಲ್ಲದ ನಾಯಿ ಪರದೆಯ ಮೇಲೆ ಗಾಳಿಯಲ್ಲಿ ತೂಗುತ್ತಿತ್ತು. ಮತ್ತೆ ಚಿತ್ರೀಕರಿಸಲು ಸಮಯವಿರಲಿಲ್ಲ, ಹಾಗೆಯೇ ಹೋಗಲೆಂದ. ಆದರೆ ಅವಳನ್ನು ಹಾಗೆ ಬಿಡಲಿಲ್ಲ.

ಇಡೀ ಬಣ್ಣದ ಕೋಣೆಯ ಎದುರು ನಿಲ್ಲಿಸಿದ. "ಕಣ್ಣು ಎಲ್ಲಿಟ್ಟಿದ್ದೆ? ಒಂದು ಸರಪಳಿ ನೆಟ್ಟಗೆ ಬರೆಯೋಕೆ ಬರದವಳಿಗೆ ನಾಯಿ ಬರೆಯೋ ಮೇಜು ಬೇಕಂತೆ, ಮೇಜು!" ಅಂದ. ಆ ವರ್ಷ ಅವಳಿಗೆ ಮೇಜು ಕೊಡುವುದೆಂದು ಮಾತಾಗಿತ್ತು. ಅವಳು ಮನೆಯಲ್ಲಿ ರಾಶಿ ರಾಶಿ ಗುಡುಗರನ್ನು ಬರೆದು ಅಭ್ಯಾಸ ಮಾಡಿದ್ದಳು. ಮಲಗಿದ ಗುಡುಗ, ಆಕಳಿಸುವ ಗುಡುಗ, ಕಿವಿ ಕೆರೆದುಕೊಳ್ಳುವ ಗುಡುಗ. ಯಜಮಾನ ಅವುಗಳನ್ನು ನೋಡಲೂ ಇಲ್ಲ. "ನೀನು ಇಲ್ಲಿರೋವರೆಗೂ ಸರಪಳಿಯೇ," ಅಂದ. ಆ ಒಂದು ಮಾತನ್ನು ಮಾತ್ರ ಅವನು ತಪ್ಪದೆ ನಡೆಸಿಕೊಟ್ಟ. ಕಂಪ್ಯೂಟರು ಬಂದು ಬಣ್ಣದ ಕೋಣೆಗೆ ಬೀಗ ಬೀಳುವವರೆಗೂ ಅವಳು ಕೊಂಡಿಗಳನ್ನೇ ಬರೆದಳು.

ಆದರೆ ಓಟದ ಆ ತುಂಡು ಸ್ಟುಡಿಯೋಗೆ ಬಲು ಉಪಯೋಗಕ್ಕೆ ಬಂತು. ಪ್ರತಿ ಕಂತಿನಲ್ಲೂ ಗುಡುಗ ಓಡಲೇಬೇಕಲ್ಲ. ಹೊಸದಾಗಿ ಬರೆಯುವುದೇಕೆಂದು ಅದೇ ತುಂಡನ್ನು ಮತ್ತೆ ಮತ್ತೆ ಅಂಟಿಸಿದರು. ಅವಳು ಸರಪಳಿ ತಪ್ಪಿಸಿದ ಆ ಒಂದು ನೆಗೆತ ಎಲ್ಲ ಕಂತುಗಳಲ್ಲೂ ಸೇರಿಕೊಂಡಿತು. ವರ್ಷಗಳ ಮೇಲೆ, ಚಿತ್ರವನ್ನು ಮನೆಯಲ್ಲೇ ನಿಲ್ಲಿಸಿ ನೋಡುವ ಕಾಲ ಬಂದಾಗ ಯಾರೋ ಅದನ್ನು ಕಂಡುಹಿಡಿದರು. ಜನ ಹುಚ್ಚೆದ್ದು ಹೋದರು. ಬಿಡುಗಡೆಯಾದ ಗುಡುಗ ಅಂಗಿಗಳ ಮೇಲೆ ಬಂದ, ಲೋಟಗಳ ಮೇಲೆ ಬಂದ, ಗೋಡೆಗಳ ಮೇಲೆ ಬಂದ. ಒಂದು ದಿನ ಬಸ್ಸಿನಲ್ಲಿ ಎದುರಿಗೆ ಕೂತವನ ಎದೆಯ ಮೇಲೆ ತನ್ನ ನಾಯಿಯನ್ನು ಕಂಡು ಅವಳು ನಕ್ಕುಬಿಟ್ಟಳಂತೆ. ಇಳಿಯಬೇಕಾದ ಜಾಗ ದಾಟಿದ್ದೂ ತಿಳಿಯಲಿಲ್ಲವಂತೆ. ತಂಗಿಯ ಹತ್ತಿರ ಹೇಳಿಕೊಂಡಿದ್ದು ಅಷ್ಟೇ.

* * *

ಯಜಮಾನ ನಿಧಾನವಾಗಿ ಒಳಗೆ ಬಂದ. ಎಂಬತ್ತು ದಾಟಿದ್ದರೂ ಕೂದಲು ಮಾತ್ರ ಕಾಗೆಯಷ್ಟು ಕಪ್ಪು. ಪ್ರಚಾರದವಳು ಅವನ ಕೈಗೆ ಒಂದು ಸರಪಳಿಯ ತುದಿ ಕೊಟ್ಟು, ಇನ್ನೊಂದು ತುದಿಯ ಕೊಕ್ಕೆಯನ್ನು ಗುಡುಗನ ಕೊರಳಪಟ್ಟಿಗೆ ಸಿಕ್ಕಿಸಿದಳು. ಭಿತ್ತಿಚಿತ್ರಗಳಲ್ಲಿ ಅವರಿಬ್ಬರೂ ನಿಲ್ಲುವುದು ಹಾಗೆಯೇ, ಮುಂದೆ ನಾಯಿ, ಹಿಂದೆ ಯಜಮಾನ. ಸರಪಳಿ ಪ್ಲಾಸ್ಟಿಕ್ಕಿನದಾಗಿರಲಿಲ್ಲ.

"ಇದು ನಮ್ಮ ಗೇಟಲ್ಲಿದ್ದ ಅದೇ ಹಳೇ ಸರಪಳಿ," ಎಂದು ಯಜಮಾನ ಶುರುಮಾಡಿದ. "ಜೋಪಾನವಾಗಿ ಇಟ್ಟಿದ್ದೀನಿ. ಗುಡುಗ ಹುಟ್ಟಿದ್ದು ಇದರಿಂದ. ಇಲ್ಲಿ ಮಲಗಿರೋ ನಮ್ಮ ತಂಗಿ ಜೀವನವಿಡೀ ಬರೆದದ್ದೂ ಇದನ್ನೇ."

"ತಂಗಿಯಂತೆ," ಎಂದು ನಿಜವಾದ ತಂಗಿ ಹಲ್ಲು ಕಚ್ಚಿದಳು. ಮಗಳು ಅವಳ ಮೊಣಕೈ ಹಿಡಿದುಕೊಂಡಳು.

"ನಿಮಗೆಲ್ಲ ಗೊತ್ತಿರೋ ಆ ಚಿತ್ರ ಇದೆಯಲ್ಲ, ಸರಪಳಿ ಇಲ್ಲದ ಗುಡುಗ, ಅದರ ಗುಟ್ಟು ಇವತ್ತು ಹೇಳ್ತೀನಿ. ಆ ದಿನ ನಾನೇ ಇವಳ ಮೇಜಿನ ಹತ್ರ ಹೋದೆ. 'ನೋಡಮ್ಮಾ, ಒಂದೇ ಒಂದು ಚಿತ್ರದಲ್ಲಿ ಸರಪಳಿ ಬಿಟ್ಟುಬಿಡು. ಯಾರ ಕಣ್ಣಿಗೂ ಕಾಣಲ್ಲ, ಆದ್ರೆ ಮನಸ್ಸಿಗೆ ತಾಗುತ್ತೆ,' ಅಂದೆ. ಇವಳಿಗೆ ಅದು ಅರ್ಥ ಆಗ್ಲಿಲ್ಲ, ಪಾಪ. ಆದ್ರೂ ಮಾಡಿದಳು. ಅದೇ ಇವಳ ದೊಡ್ಡತನ. ಹೇಳಿದ್ದನ್ನ ಹೇಳಿದ ಹಾಗೆ ಮಾಡೋದು."

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವುದನ್ನು ಕೇಳಿದ್ದೇವೆ. ಹಾವು ಕೂಡ ಸತ್ತ ಗೆದ್ದಲಿನ ತಲೆ ಸವರಿ, ಕಟ್ಟಿಸಿದ್ದು ನಾನೇ ಎಂದು ಭಾಷಣ ಮಾಡುವುದಿಲ್ಲ. ಬಣ್ಣದ ಕೋಣೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ದಿನ ಅವಳನ್ನು ನಿಲ್ಲಿಸಿ ಬೈದದ್ದನ್ನು ಕಿವಿಯಾರೆ ಕೇಳಿದವರು ಅವರು. ಮಗಳು ಕೂತಲ್ಲೇ ಕೂತಿದ್ದಳು. ಮೇಜು ಬಿಡಬೇಡ ಎಂದಿದ್ದಳು ಅಮ್ಮ.

ಆಗ ಗುಡುಗ ಬೊಗಳಿದ.

ಎಲ್ಲೋ ಟೇಪು ಹಾಕಿರಬೇಕೆಂದು ಜನ ತಿರುಗಿ ನೋಡಿದರು. ಟೇಪಿನಲ್ಲಿದ್ದ ಬೊಗಳು ಎಲ್ಲರಿಗೂ ಗೊತ್ತು: ಜೋರಾಗಿ ಎದ್ದು, ಸರಪಳಿ ಬಿಗಿದಾಗ ಗಂಟಲು ಒತ್ತಿ, ಕುಂಯ್ ಎಂದು ಮುಗಿಯುತ್ತದೆ. ಇದು ಮುಗಿಯಲಿಲ್ಲ. ಆ ದೊಡ್ಡ ಟೊಳ್ಳು ತಲೆಯೊಳಗಿಂದ, ಮುದಿ ಎದೆಯ ಉಸಿರೆಲ್ಲ ಎಳೆದುಕೊಂಡು, ಒಂದರ ಹಿಂದೊಂದು ಬರುತ್ತಲೇ ಇತ್ತು. ಮೂತಿ ಮಾತ್ರ ಓರೆಯಾಗಿ ಹಿಂದಿದ್ದ ಯಜಮಾನನ ಕಡೆಗೆ ತಿರುಗಿತ್ತು.

"ಏಯ್," ಅಂದ ಯಜಮಾನ. "ಏಯ್! ಸುಮ್ನಿರೋ!"

ಬೊಗಳು ನಿಲ್ಲಲಿಲ್ಲ. ಯಜಮಾನ ಸರಪಳಿಯನ್ನು ಜಗ್ಗಿದ.

ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿಯೇ ಮಾಡಿತು. ಕೊರಳಪಟ್ಟಿ ಹಿಂದಕ್ಕೆ ಎಳೆಯಿತು, ತಲೆ ಕಳಚಿ ಉರುಳಿತು, ನರೆಗೂದಲಿನ ಮುದುಕ ಪೆಟ್ಟಿಗೆಯ ಪಕ್ಕದಲ್ಲಿ ಅಂಗಾತ ಬಿದ್ದ. ಎಲ್ಲರೂ ಚಿಕ್ಕಂದಿನಿಂದ ನೋಡಿ ನೋಡಿ ನಕ್ಕ ದೃಶ್ಯ ಅದು, ಒಂದು ಗೆರೆಯೂ ಹೆಚ್ಚುಕಡಿಮೆ ಇರಲಿಲ್ಲ. ಈಗ ಯಾರೂ ನಗಲಿಲ್ಲ. ಮುದುಕ ನೆಲದ ಮೇಲೆ ಬಿದ್ದುಕೊಂಡೇ, ಸೊರಗಿದ ಗಂಟಲಿನಿಂದ, ಇನ್ನೂ ಬೊಗಳುತ್ತಿದ್ದ.

ಮಗಳು ಎದ್ದಳು. ಚಿಕ್ಕಮ್ಮ ಅವಳ ಕೈ ಹಿಡಿಯಲು ಹೋಗಿ ಬಿಟ್ಟಳು. ಮಗಳು ಮುದುಕನ ಪಕ್ಕ ಮಂಡಿಯೂರಿ ಕೂತು ಕೊರಳಪಟ್ಟಿಯ ಕೊಕ್ಕೆಯನ್ನು ಹುಡುಕಿದಳು. ತುಕ್ಕು ಹಿಡಿದು ಬಿಗಿಯಾಗಿತ್ತು.

"ಯೋಚನೆ ಮಾಡಿ ಮಾಡಮ್ಮಾ," ಅಂದ ಯಜಮಾನ, ಮೆಲ್ಲಗೆ, ಅವಳೊಬ್ಬಳಿಗೇ ಕೇಳುವ ಹಾಗೆ. "ನಿನ್ನ ಮೇಜಿನ ವಿಷಯ ಇನ್ನೂ ನನ್ನ ಕೈಲಿದೆ."

"ಅಮ್ಮ ಬೇಕೂ ಅಂತಾನೇ ಬಿಟ್ಟದ್ದು," ಅಂದಳು ಮಗಳು. ಅವಳು ಮೆಲ್ಲಗೆ ಹೇಳಲಿಲ್ಲ. ಕೊನೆಯ ಸಾಲಿನವರೆಗೂ ಕೇಳಿಸಿತು. "ಗೇಟಿನ ನಾಯಿ ಸತ್ತ ದಿನ. ನೀವು ಹೇಳಿಕೊಟ್ಟದ್ದಲ್ಲ. ನೀವು ಅವಳನ್ನ ಬೈದಿರಿ. ಮೇಜೂ ಕಿತ್ತುಕೊಂಡ್ರಿ."

"ಹೌದು," ಅಂದಳು ಬಣ್ಣದ ಕೋಣೆಯ ಒಬ್ಬಳು. "ನಾನೂ ಅಲ್ಲೇ ಇದ್ದೆ," ಎಂದು ಇನ್ನೊಬ್ಬಳು ಕುರ್ಚಿ ಹಿಂದಕ್ಕೆ ದೂಡಿ ಎದ್ದು ನಿಂತಳು.

ಕೊಕ್ಕೆ ಕಳಚಿತು. ಮಗಳು ಮುದುಕನನ್ನು ಎಬ್ಬಿಸಿ ಕೂರಿಸಿದಳು, ಟವೆಲಿನಿಂದ ಮುಖ ಒರೆಸಿದಳು. ಪಟ್ಟಿ ಉಜ್ಜಿದ ಕಡೆ ಅವನ ಕುತ್ತಿಗೆ ಕೆಂಪಾಗಿತ್ತು.

"ನಿಮ್ಮಮ್ಮ ಇದ್ದಿದ್ರೆ ಬೈತಿದ್ಲು ಪುಟ್ಟಾ, ಮೇಜು ಹೋಯ್ತಲ್ಲ ಅಂತ," ಅಂದ ಅವನು, ಏದುಸಿರು ಬಿಡುತ್ತಾ.

"ಬೈಯ್ಯಲಿ ಬಿಡಿ ಮಾವ."

ವಾಹನ ಬಂದಿದೆಯೆಂದು ಹೊರಗಿನಿಂದ ಯಾರೋ ಕೂಗಿದರು. ಪೆಟ್ಟಿಗೆಗೆ ಹೆಗಲು ಕೊಡಲು ಬಣ್ಣದ ಕೋಣೆಯ ಹೆಂಗಸರು ಮುಂದೆ ಬಂದರು. ಒಂದು ಮೂಲೆಗೆ ಮಗಳು, ಒಂದು ಮೂಲೆಗೆ ತಂಗಿ. ಬೌಬೌ ಮಾವ ಮೈಮೇಲಿನ ನಾಯಿಯನ್ನು ಕಳಚುವಷ್ಟು ತಡೆಯಲಿಲ್ಲ. ಆ ದಪ್ಪ ಬೂದು ಪಂಜಗಳಲ್ಲೇ ಇನ್ನೊಂದು ಮೂಲೆ ಹಿಡಿದುಕೊಂಡ. ಬಾಗಿಲಿನ ಎರಡೂ ರೆಕ್ಕೆಗಳು ತೆರೆದೇ ಇದ್ದವು. ಈ ಸಲ ಏನೂ ಸಿಕ್ಕಿಕೊಳ್ಳಲಿಲ್ಲ.

ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಫೋಟೋದವನು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ. ಯಜಮಾನ ಮಾತ್ರ ಹೂವಿನ ನಡುವೆ, ಪೆಟ್ಟಿಗೆ ಇದ್ದ ಜಾಗದ ಪಕ್ಕದಲ್ಲಿ ನಿಂತೇ ಇದ್ದ. ಸರಪಳಿಯನ್ನು ಎಲ್ಲಿಡಬೇಕೆಂದು ತೋಚದೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಅದರ ಇನ್ನೊಂದು ತುದಿ ನೆಲದ ಮೇಲೆ ಬಾಗಿಲ ಕಡೆಗೆ ಚಾಚಿ ಬಿದ್ದಿತ್ತು, ಕೊಕ್ಕೆ ತೆರೆದುಕೊಂಡು.